ದುಬೈಗೆ ಹೊರಡುವ ಅವಸರ

ಸುಖೇಶ್ ದುಬೈ ಪ್ರವಾಸದ ಮಾತೆತ್ತಿದಾಗ ಲೀಲಾಕ್ಷಿ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮಗ ಆಗಾಗ ಹೀಗೆ ಏನಾದರೂ ಹೇಳುತ್ತಾನೆ, ಗಂಡ ಬೇಡವೆನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಆದರೆ ಆ ಮಧ್ಯಾಹ್ನ ಊಟಕ್ಕೆ ಕೂತಿದ್ದ ಭುಜಂಗ ಶೆಟ್ಟರು ತಟ್ಟೆಯಿಂದ ತಲೆಯೆತ್ತದೆ, "ಹೋಗುವ" ಅಂದುಬಿಟ್ಟರು.

ಸೌಟು ಹಿಡಿದಿದ್ದ ಅವಳ ಕೈ ಕಡಲೆ ಗಸಿಯ ಪಾತ್ರೆಯ ಮೇಲೇ ನಿಂತಿತು. "ಎಲ್ಲಿಗೆ ಹೋಗುವ?"

"ದುಬೈಗೆ. ಅವನು ಹೇಳ್ತಾ ಇದ್ದಾನಲ್ಲ."

ಭುಜಂಗ ಶೆಟ್ಟರು ಮೀಸೆ ಮೂಡುವ ಮೊದಲೇ ಕಾರ್ಕಳದ ಕಡೆಯಿಂದ ಪುಣೆಗೆ ಬಂದು, ಯಾರ್ಯಾರದೋ ಹೋಟೆಲುಗಳಲ್ಲಿ ದುಡಿದು, ಕೊನೆಗೆ ಸಿಂಹಗಡ ರಸ್ತೆಯಲ್ಲಿ 'ಪಲ್ಲವ' ಎಂಬ ಸ್ವಂತ ಹೋಟೆಲು ಮಾಡಿದವರು. ಬೆಳಿಗ್ಗೆ ಅವರು ಸಾಂಬಾರು, ಚಟ್ನಿ ರುಚಿ ನೋಡಿ ತಲೆಯಾಡಿಸಿದ ಮೇಲೆಯೇ ಹೋಟೆಲಿನ ಶಟರು ಏಳುತ್ತಿತ್ತು. ಮಗಳು ಶ್ರದ್ಧಾಳ ಮದುವೆ ಊರಿನಲ್ಲಿ ನಡೆದಾಗ, ಮದುಮಗಳು ಗಂಡನ ಮನೆ ಸೇರುವ ಮೊದಲೇ ಇವರು ಪುಣೆಯ ಬಸ್ಸು ಹತ್ತಿದ್ದರು. ಕಾಶಿಗಾದರೂ ಒಮ್ಮೆ ಹೋಗೋಣವೆಂದು ಲೀಲಾಕ್ಷಿ ಕೇಳಿದಾಗಲೆಲ್ಲ ಬರುತ್ತಿದ್ದ ಉತ್ತರ ಒಂದೇ: "ಬೆಳಿಗ್ಗೆ ಸಾಂಬಾರು ಯಾರು ನೋಡುವುದು?"

ಅಂಥ ಮನುಷ್ಯ ಈಗ, ಕೊರೋನದ ಎರಡನೇ ಅಲೆ ಇಳಿದು ಜನ ಇನ್ನೂ ಮೂಗಿನ ಮೇಲಿನ ಮಾಸ್ಕು ತೆಗೆಯದಿರುವಾಗ, ದುಬೈಗೆ ಹೊರಟಿದ್ದರು.

"ಈ ರೋಗದ ನಡುವೆ ವಿಮಾನವಾ?" ಎಂದು ಲೀಲಾಕ್ಷಿ ಸೊಸೆಯ ಕಡೆ ನೋಡಿದಳು.

"ಎರಡೂ ಡೋಸ್ ಆಯ್ತಲ್ಲ ಅತ್ತೆ," ಎಂದಳು ತೃಪ್ತಿ. "ದೀಪಾವಳಿಗೆ ಎಲ್ಲರೂ ಎಲ್ಲೆಲ್ಲಿಗೋ ಹೋಗಿ ಬಂದ್ರು. ಅಲ್ಲಿ ನನ್ನ ಅಕ್ಕ ಇದ್ದಾಳೆ, ಭಾವನ ಕಾರುಂಟು. ಈಗ ಎಕ್ಸ್‌ಪೋ ಅಂತ ದೊಡ್ಡ ಪ್ರದರ್ಶನ ಬೇರೆ ನಡೀತಾ ಉಂಟು. ಆರಾಮದಲ್ಲಿ ಇದ್ದು ಬನ್ನಿ."

"ಅಲ್ಲಿ ಹೋಗಿ ಜ್ವರ ಬಂದ್ರೆ? ನಮ್ಮನ್ನು ಅವಳು ಎಲ್ಲಿ ಮಲಗಿಸ್ತಾಳೆ? ಆಸ್ಪತ್ರೆಯಲ್ಲಿ ಯಾರ ಹತ್ತಿರ ಯಾವ ಭಾಷೆಯಲ್ಲಿ ಮಾತಾಡುವುದು?"

"ಇಲ್ಲಿ ಕೂತ್ರೆ ಬರುವುದಿಲ್ವಾ ಅಮ್ಮ?" ಎಂದ ಸುಖೇಶ್. "ಎಪ್ರಿಲ್‌ನಲ್ಲಿ ನಾವು ಯಾವ ದುಬೈಗೆ ಹೋಗಿದ್ದೆವು? ಬಾಗಿಲು ಹಾಕಿ ಮನೆಯೊಳಗೆ ಕೂತವರಿಗೇ ಬಂತಲ್ಲ."

ಅದೂ ನಿಜವೇ ಆಗಿತ್ತು. ಎಪ್ರಿಲ್‌ನಲ್ಲಿ ಮನೆಯ ನಾಲ್ವರೂ ಮಲಗಿದ್ದರು. ಶೆಟ್ಟರಿಗೇ ಹೆಚ್ಚು ಜೋರಾಗಿತ್ತು; ಒಳಕೋಣೆಯಲ್ಲಿ ಬೋರಲಾಗಿ ಮಲಗಿ ಉಸಿರಾಡುತ್ತಿದ್ದ ಅವರ ಬೆನ್ನನ್ನು ಲೀಲಾಕ್ಷಿ ಬಾಗಿಲ ಸಂದಿಯಿಂದ ನೋಡುತ್ತಾ ನಿಂತದ್ದುಂಟು. ಆದರೂ ಅವಳು ಪಟ್ಟು ಬಿಡಲಿಲ್ಲ.

"ಮಾಲ್ ನೋಡ್ಲಿಕ್ಕೆ ಸಮುದ್ರ ದಾಟಬೇಕಾ? ಇಲ್ಲೇ ಪುಣೆಯ ವಿಮಾನ್ ನಗರದಲ್ಲಿ ಉಂಟಲ್ಲ."

ಯಾರೂ ನಗಲಿಲ್ಲ. ಶೆಟ್ಟರು ಕೈ ತೊಳೆಯಲು ಎದ್ದು, ಹೋಗುವಾಗ ಹೇಳಿದರು: "ಗಸಿ ಲಾಯ್ಕಾಗಿತ್ತು ಇವತ್ತು."

ಲೀಲಾಕ್ಷಿಯ ಅನುಮಾನ ಹುಟ್ಟಿದ್ದು ದುಬೈಯಿಂದಲ್ಲ, ಈ ಮಾತಿನಿಂದ. ಮದುವೆಯಾದಾಗಿನಿಂದ ಅವರು ಅವಳ ಅಡುಗೆಯನ್ನು ಹೊಗಳಿದವರಲ್ಲ. ಉಪ್ಪು ಒಂದು ಕಾಳು ಮುಂದೆ, ಕೊತ್ತಂಬರಿ ಹುರಿದದ್ದು ಸಾಲದು, ತೆಂಗಿನಕಾಯಿ ಎಳತು ಎಂದು ದಿನಕ್ಕೊಂದು ತಪ್ಪು ಹೇಳಿಯೇ ಏಳುತ್ತಿದ್ದರು. ಅವಳಿಗೂ ಅದು ಅಭ್ಯಾಸವಾಗಿಹೋಗಿತ್ತು. ಕೆಲವು ತಿಂಗಳಿನಿಂದ ಮಾತ್ರ ಎಲ್ಲವೂ ಲಾಯ್ಕು. ನಿನ್ನೆಯ ಸಾರೂ ಲಾಯ್ಕು, ತಳ ಹಿಡಿದ ಪಾಯಸವೂ ಲಾಯ್ಕು. ಇಷ್ಟು ಹೊಗಳುವ ಗಂಡಸು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದೇ ಅವಳಿಗೆ ಅನಿಸತೊಡಗಿತು.

ಎರಡು ದಿನ ಕಳೆದು ಮೆಟ್ಟಿಲ ಮೇಲೆ ಕೆಳಗಿನ ಮನೆಯ ಇಂದೂ ಸಿಕ್ಕಳು. ಮಾಸ್ಕನ್ನು ಗಲ್ಲಕ್ಕೆ ಎಳೆದುಕೊಂಡು, ದನಿ ತಗ್ಗಿಸಿ ಕೇಳಿದಳು: "ವಹಿನಿ, ಹಾಟೇಲ್ ದುಸ್ರ್ಯಾಲಾ ದಿಲಂ ಕಾ?"

ಹೋಟೆಲನ್ನು ಬೇರೆಯವರಿಗೆ ಕೊಟ್ಟಿರಾ ಎಂಬ ಪ್ರಶ್ನೆ ಕೇಳಿ ಲೀಲಾಕ್ಷಿ ಕೈಯ ಚೀಲ ಕೆಳಗಿಟ್ಟಳು. ಯಾರು ಹೇಳಿದರು ಎಂದು ಮರಾಠಿಯಲ್ಲೇ ಕೇಳಿದಳು. ಯಾರೂ ಹೇಳಿಲ್ಲ, ಹೋಟೆಲಿನ ರುಚಿ ಬದಲಾಗಿದೆ, ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ, ನಮ್ಮ ಮನೆಯವರು ಪಾರ್ಸೆಲ್ ತರುವುದನ್ನೇ ಬಿಟ್ಟಿದ್ದಾರೆ ಎಂದಳು ಇಂದೂ.

ಲಾಕ್‌ಡೌನಿನ ನಂತರ ಊರಿನವರ ಎಷ್ಟೋ ಹೋಟೆಲುಗಳು ಕೈ ಬದಲಿಸಿದ್ದವು. 'ಪಲ್ಲವ'ದ ಎದುರಿನ ಉಡುಪಿಯವರ ಹೋಟೆಲಿನ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಕೂತಿತ್ತು. ಹಾಗಾದರೆ ಇದೇ ವಿಷಯ. ಅಪ್ಪ ಮಗ ಸೇರಿ ಹೋಟೆಲು ಮಾರಲು ಹೊರಟಿದ್ದಾರೆ, ತನಗೆ ಮಾತ್ರ ಹೇಳಿಲ್ಲ. ದುಬೈಯಲ್ಲಿ ಎತ್ತರದ ಕಟ್ಟಡ ತೋರಿಸಿ, ಅಲ್ಲಿಯೇ ನಿಧಾನಕ್ಕೆ ಹೇಳುವ ಉಪಾಯವಿರಬೇಕು.

ಅದೇ ವಾರ ಅವಳು ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದಾಗ, ಪಕ್ಕದ ಕೋಣೆಯ ಕಿಟಕಿಯಿಂದ ಸುಖೇಶ್ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ಇಲ್ಲ ಇಲ್ಲ, ಅಪ್ಪ ಇರುವಾಗ ಬೇಡ. ಅವರು ದುಬೈಗೆ ಹೋಗಲಿ, ಮರುದಿನವೇ ಬನ್ನಿ. ವಾಪಸ್ ಬರುವಾಗ ಎಲ್ಲ ನಿಮ್ಮ ಕೈಗೆ ಬಂದಿರಬೇಕು. ಆಮೇಲೆ ಅವರು ಎಂತ ಮಾಡ್ತಾರೆ?"

ಒಣಗಿದ ಸೀರೆಯನ್ನು ಎದೆಗವಚಿಕೊಂಡು ಲೀಲಾಕ್ಷಿ ಅಲ್ಲಿಯೇ ನಿಂತಳು. ಅಂದರೆ ಅಪ್ಪನಿಗೂ ಗೊತ್ತಿಲ್ಲ! ಮಗ ಅಪ್ಪನನ್ನೇ ಮೋಸ ಮಾಡುತ್ತಿದ್ದಾನೆ. ಹಾಗಾದರೆ ಗಂಡನ ಅವಸರಕ್ಕೆ ಕಾರಣವೇನು? ಅವರಂತೂ ಆಗಲೇ ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಿ, ಒರೆಸಿ, ಎರಡು ಹೊಸ ಅಂಗಿ ತಂದಿಟ್ಟಿದ್ದರು.

ಮರುದಿನ ಮಧ್ಯಾಹ್ನ, ಶೆಟ್ಟರು ಮನೆಯಲ್ಲಿ ಒಂದು ಗಳಿಗೆ ಮಲಗಿದ ಹೊತ್ತಿಗೆ, ಅವಳು ರಿಕ್ಷಾ ಹಿಡಿದು ಹೋಟೆಲಿಗೆ ಹೋದಳು. ಎದುರು ಬಾಗಿಲಿಗೆ ಹೋಗದೆ, ಪಾತ್ರೆ ತೊಳೆಯುವ ಹಿಂಬದಿಯ ಓಣಿಗೆ ಬಂದಳು. ಸುಖೇಶನ ಕಾರು ಅಲ್ಲಿಯೇ ನಿಂತಿತ್ತು. ಅದರಿಂದ ಇಳಿದ ಮನುಷ್ಯನ ಕೂದಲು ಪೂರ್ತಿ ಬಿಳಿಯಾಗಿತ್ತು, ಮುಖಕ್ಕೆ ಮಾಸ್ಕಿತ್ತು. ಆದರೂ ಎಡಗಾಲನ್ನು ತುಸು ಎಳೆದು ಹಾಕುವ ಆ ನಡಿಗೆಯನ್ನು ಅವಳು ಮರೆಯುವುದು ಹೇಗೆ? ಅವನು ದೇವದಾಸ್. ಹಿಂದೆ 'ಪಲ್ಲವ'ದ ಮುಖ್ಯ ಅಡುಗೆಯವನಾಗಿದ್ದು, ಶೆಟ್ಟರ ಜೊತೆ ದೊಡ್ಡ ಜಗಳವಾಗಿ ಹೊರಟುಹೋದವನು. ಈಗ ಪುಣೆಯ ಹತ್ತಿರದ ತಳೇಗಾಂವ ದಾಭಾಡೆಯ ಯಾವುದೋ ಕಾರ್ಖಾನೆಯಲ್ಲಿ ಕ್ಯಾಂಟೀನು ನಡೆಸುತ್ತಾನೆಂದು ಕೇಳಿದ್ದಳು.

ಅವರಿಬ್ಬರೂ ಒಳಗೆ ಹೋದ ಮೇಲೆ ಲೀಲಾಕ್ಷಿ ಪಾತ್ರೆ ತೊಳೆಯುತ್ತಿದ್ದ ಯಂಕವ್ವನ ಹತ್ತಿರ ಹೋಗಿ ಕೇಳಿದಳು: "ಅವರು ಇಲ್ಲಿಗೆ ಬರ್ತಾ ಇರ್ತಾರಾ?"

"ಹೌದ್ರಿ ಅಕ್ಕಾರ, ಮೊನ್ನಿನೂ ಬಂದಿದ್ರು," ಎಂದಳು ಯಂಕವ್ವ. "ದೊಡ್ಡ ಸಾಹೇಬ್ರು ಮನಿಗೆ ಹೋದ ಮ್ಯಾಲೆ ಬರ್ತಾರ. ಸಣ್ಣ ಸಾಹೇಬ್ರು ಅಡಗಿಮನಿ ಎಲ್ಲಾ ತೋರಸ್ಯಾರ್ರಿ. ಯಾರಿಗೂ ಹೇಳಬ್ಯಾಡ ಅಂದಾರ, ನೀವು ಕೇಳಿದ್ರಿ ಅಂತ ಹೇಳೀನಿ ನೋಡ್ರಿ."

ಇನ್ನೇನು ಉಳಿಯಿತು? ಮಗ ಹೋಟೆಲನ್ನು ಅಪ್ಪನ ವೈರಿಗೇ ಕೊಡುತ್ತಿದ್ದಾನೆ. ಮನೆಗೆ ಬಂದರೆ ತೃಪ್ತಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬ್ಯಾಂಕಿನ ಕೆಲಸ ಮಾಡುತ್ತಿದ್ದಳು. ಅತ್ತೆಯನ್ನು ನೋಡಿ, "ನಾಡಿದ್ದು ಆರ್‌ಟಿಪಿಸಿಆರ್ ಮಾಡ್ಸುವ ಅತ್ತೆ, ಮನೆಗೇ ಬರ್ತಾರೆ," ಎಂದು ನಕ್ಕಳು. ಆ ನಗು ಮೊದಲಿನದೇ. ಆದರೆ ಲೀಲಾಕ್ಷಿಗೆ ಅದರ ಹಿಂದೆ ಬೇರೇನೋ ಕಂಡಿತು. ನಾಳೆ ಬೆಳಿಗ್ಗೆ ಗಂಡ ತಿಂಡಿಗೆ ಬರಲಿ, ಕಂಡದ್ದನ್ನೆಲ್ಲ ಹೇಳಿಯೇ ಬಿಡುವುದೆಂದು ನಿಶ್ಚಯಿಸಿದಳು.

ಶೆಟ್ಟರು ಬೆಳಗಿನ ಗಿರಾಕಿಗಳ ಗಡಿಬಿಡಿ ಮುಗಿಸಿ ಮನೆಗೆ ಬಂದರು. ಮಗ ಸೊಸೆ ಹೊರಗೆ ಹೋಗಿದ್ದರು. ಲೀಲಾಕ್ಷಿ ದೋಸೆ ಹಾಕಿಕೊಟ್ಟು, ಹೊಸ ಚಟ್ನಿಗೆ ಒಗ್ಗರಣೆ ಹಾಕಲು ಒಳಗೆ ತಿರುಗಿದಳು. ಮೊದಲ ಮಾತು ಹೇಗೆ ಎತ್ತಲಿ ಎಂದೇ ಅವಳ ತಲೆಯಲ್ಲಿತ್ತು. ಒಗ್ಗರಣೆ ಹಾಕಿದ ಚಟ್ನಿಯ ಪಾತ್ರೆ ಹಿಡಿದು ಹೊರಗೆ ಬಂದರೆ, ಅವರು ಆಗಲೇ ಅರ್ಧ ದೋಸೆ ಮುಗಿಸಿದ್ದರು. ತಟ್ಟೆಯಲ್ಲಿ ಚಟ್ನಿಯಿತ್ತು.

ಅದು ಹಿಂದಿನ ದಿನದ್ದು. ಫ್ರಿಜ್ಜಿಗೆ ಇಡಲು ಮರೆತು ಹಳಸಿಹೋಗಿ, ಹೊರಗೆ ಚೆಲ್ಲಲೆಂದು ಮೇಜಿನ ತುದಿಯಲ್ಲಿ ಇಟ್ಟಿದ್ದಳು. ನೊರೆ ಎದ್ದಿತ್ತು. ಅದರ ಕೆಟ್ಟ ವಾಸನೆ ನಿಂತಲ್ಲಿಗೇ ಬರುತ್ತಿತ್ತು. ಸಗಟು ಮಾರುಕಟ್ಟೆಯಲ್ಲಿ ತೆಂಗಿನಕಾಯಿ ಒಡೆಸಿ ಮೂಗಿನ ಹತ್ತಿರ ಹಿಡಿದು, ಇಡೀ ಮೂಟೆಯನ್ನೇ ವಾಪಸು ಕಳಿಸುತ್ತಿದ್ದ ಮನುಷ್ಯ ಆ ಚಟ್ನಿಯಲ್ಲಿ ದೋಸೆ ಅದ್ದಿ ಬಾಯಿಗಿಟ್ಟು, ಅವಳನ್ನು ನೋಡಿ ಹೇಳಿದರು:

"ಚಟ್ನಿ ಲಾಯ್ಕಾಗಿದೆ."

ಲೀಲಾಕ್ಷಿ ಹೋಗಿ ತಟ್ಟೆಯನ್ನೇ ಎಳೆದುಕೊಂಡಳು. "ಉಗಿಯಿರಿ! ಅದು ಹಳಸಿದ್ದು!"

ಶೆಟ್ಟರು ಉಗಿಯಲಿಲ್ಲ. ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿ, ನೀರು ಕುಡಿದು, ಲೋಟವನ್ನು ಮೇಜಿನ ಮೇಲಿಟ್ಟರು. ಅವಳು ಎದುರಿನ ಕುರ್ಚಿ ಎಳೆದು ಕೂತಳು.

"ಯಾವಾಗಿನಿಂದ?"

"ಎಪ್ರಿಲ್‌ನಿಂದ. ಜ್ವರದ ಒಟ್ಟಿಗೆ ವಾಸನೆ ಹೋದದ್ದು. ನಿಮಗೆಲ್ಲ ವಾಪಸ್ ಬಂತು, ನನಗೆ ಬರಲಿಲ್ಲ."

"ರುಚಿ?"

"ಉಪ್ಪು, ಹುಳಿ ಸ್ವಲ್ಪ ಗೊತ್ತಾಗ್ತದೆ. ಬಾಕಿ ಎಲ್ಲ ಒದ್ದೆ ಕಾಗದ ಅಗಿದ ಹಾಗೆ. ಒಬ್ಬರು ಡಾಕ್ಟರಿಗೆ ತೋರಿಸಿದೆ. ಕೆಲವರಿಗೆ ಬರ್ತದೆ, ಕೆಲವರಿಗೆ ಬರುವುದಿಲ್ಲ ಅಂದ್ರು."

"ಮತ್ತೆ ದಿನಾ ಬೆಳಿಗ್ಗೆ ಸಾಂಬಾರು?"

"ಸೌಟಿನಲ್ಲಿ ತೆಗೀತೇನೆ, ಬಾಯಿಗೆ ಹಾಕ್ತೇನೆ, ತಲೆ ಆಡಿಸ್ತೇನೆ." ಶೆಟ್ಟರು ಕಿಟಕಿಯ ಕಡೆ ನೋಡಿದರು. "ಅಡುಗೆಯ ಭಟ್ಟರು ನನ್ನ ಮುಖವನ್ನೇ ನೋಡ್ತಾ ನಿಂತಿರ್ತಾರೆ. ದಿನಾ ಆ ಹೊತ್ತಿಗೆ ನನಗೆ ಎದೆ ಹೊಡ್ಕೊಳ್ತದೆ, ಲೀಲಾ. ದುಬೈಯಲ್ಲಾದ್ರೆ ಸಾಂಬಾರು ಹೇಗುಂಟು ಅಂತ ಯಾರೂ ನನ್ನ ಹತ್ತಿರ ಕೇಳುವುದಿಲ್ಲ. ಸ್ವಲ್ಪ ದಿನ ಕಳ್ಳನ ಹಾಗೆ ಬದುಕದೆ ಇರುವ ಅನ್ನಿಸಿತು."

ಇಷ್ಟು ದಿನ ಅವರ ಹೊಗಳಿಕೆಯ ಹಿಂದೆ ಏನೇನು ಊಹಿಸಿದ್ದಳೋ ಅದೆಲ್ಲ ಒಮ್ಮೆಲೇ ನೆನಪಾಗಿ, ಅವಳು ಹಳಸಿದ ಚಟ್ನಿಯ ಪಾತ್ರೆಯನ್ನು ದೂರ ಸರಿಸಿದಳು.

"ದೇವದಾಸನನ್ನು ಓಡಿಸಿದಾಗ ಎಂತ ಹೇಳಿದ್ದೆ ಗೊತ್ತುಂಟಾ?" ಎಂದರು ಶೆಟ್ಟರು. "ಒಂದು ದಿನ ಸಾಂಬಾರಿಗೆ ಮೆಂತೆ ಹೆಚ್ಚಾದದ್ದಕ್ಕೆ, ನಿನ್ನ ನಾಲಿಗೆ ಸತ್ತಿದೆ, ಇನ್ನು ನನ್ನ ಅಡುಗೆಮನೆಗೆ ಕಾಲಿಡಬೇಡ ಅಂದಿದ್ದೆ. ಎಲ್ಲರ ಎದುರು."

ದೇವದಾಸನ ಹೆಸರು ಕೇಳಿ ಲೀಲಾಕ್ಷಿ ಬೆಚ್ಚಿದಳು. ನಿನ್ನೆ ಕಂಡದ್ದನ್ನು ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಮಗನಿಗೆ ಈ ವಿಷಯ ಗೊತ್ತಿದೆಯೇ? ಗೊತ್ತಿದ್ದರೆ ಅಪ್ಪನ ಸೋಲನ್ನು ನೋಡಿಕೊಂಡೇ ವ್ಯಾಪಾರ ಕುದುರಿಸುತ್ತಿದ್ದಾನೆಯೇ? ಮೊದಲು ಅವನನ್ನು ಕೇಳಬೇಕು.

ಸಂಜೆ ಸುಖೇಶ್ ಕಾರು ನಿಲ್ಲಿಸಿ ಇಳಿಯುವಾಗ ಅವಳು ಕೆಳಗೇ ಕಾದಿದ್ದಳು.

"ದೇವದಾಸನನ್ನು ಹೋಟೆಲಿಗೆ ಯಾಕೆ ಕರ್ಕೊಂಡು ಬರ್ತಾ ಇದ್ದಿ?"

"ಯಾರು ಹೇಳಿದ್ದು?"

"ನಾನೇ ಕಣ್ಣಾರೆ ನೋಡಿದೆ. ಹೋಟೆಲು ಅವನಿಗೆ ಕೊಡ್ತಾ ಇದ್ದಿಯಾ? ಅಪ್ಪನನ್ನು ವಿಮಾನ ಹತ್ತಿಸಿ?"

"ಕೊಡುವುದಾ? ಎಂತ ಮಾತಾಡ್ತಿ ಅಮ್ಮ?" ಸುಖೇಶ್ ಸುತ್ತ ನೋಡಿ, ಅವಳ ಕೈ ಹಿಡಿದು ಕಾರಿನ ಮರೆಗೆ ಕರೆದೊಯ್ದ. "ಅವರನ್ನು ಅಡುಗೆಗೆ ಕರೀತಾ ಇದ್ದೇನೆ. ಅಪ್ಪನಿಗೆ ರುಚಿ ಗೊತ್ತಾಗುವುದಿಲ್ಲ. ನಿನಗೆ ಹೇಗೆ ಹೇಳುವುದು ಅಂತ ಗೊತ್ತಾಗ್ಲಿಲ್ಲ."

ಚೌತಿಯ ದಿನ ಹೋಟೆಲಿನಲ್ಲಿ ಸಾಂಬಾರಿನ ಬೇಳೆ ತಳ ಹಿಡಿದು ಸೀದಿತ್ತಂತೆ. ಅಪ್ಪ ರುಚಿ ನೋಡಿ ತಲೆಯಾಡಿಸಿದರಂತೆ. ಅವರು ಗಣಪತಿ ಪೂಜೆಗೆ ಕೂತಾಗ ಸುಖೇಶನೇ ಆ ಹಂಡೆಯನ್ನು ಮೋರಿಗೆ ಬಗ್ಗಿಸಿ, ಬೇರೆ ಮಾಡಿಸಿದನಂತೆ. ಅಂದಿನಿಂದ ಅಪ್ಪ ಅತ್ತ ತಿರುಗಿದೊಡನೆ ಇವನು ರುಚಿ ನೋಡಿ, ಭಟ್ಟರಿಗೆ ಹೇಳಿ ಉಪ್ಪು, ಹುಳಿ ಸರಿ ಮಾಡಿಸುವುದು. ಆದರೆ ಅವನ ಕೈ ಅಪ್ಪನ ಕೈಯಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟುಹೋಗುತ್ತಿದ್ದರು.

"ಅಪ್ಪನ ರುಚಿ ಸರಿಯಾಗಿ ಗೊತ್ತಿರುವವರು ದೇವದಾಸಣ್ಣ ಒಬ್ಬರೇ," ಎಂದ ಸುಖೇಶ್. "ಶೆಟ್ಟರು ಎದುರಿಗೆ ಇರುವಾಗ ನಾನು ಒಳಗೆ ಕಾಲಿಡುವುದಿಲ್ಲ ಅಂದ್ರು ಅವರು. ಅಪ್ಪನ ಎದುರು ಬಾಯಿಬಿಡ್ಲಿಕ್ಕೆ ನನಗೂ ಧೈರ್ಯ ಬರಲಿಲ್ಲ. ಅದಕ್ಕೇ ದುಬೈ."

ಲೀಲಾಕ್ಷಿ ಮಗನ ಮುಖವನ್ನು ತುಂಬ ಹೊತ್ತು ನೋಡಿದಳು. ಸುಳ್ಳು ಹೇಳುವಾಗ ಅವನು ಚಿಕ್ಕಂದಿನಿಂದಲೂ ಕಿವಿ ಮುಟ್ಟಿಕೊಳ್ಳುತ್ತಿದ್ದ. ಈಗ ಎರಡೂ ಕೈ ಜೋತುಬಿದ್ದಿದ್ದವು.

"ಮೇಲೆ ಬಾ. ಇದನ್ನೇ ಅವರ ಎದುರು ಹೇಳು," ಎಂದಳು.

ಸುಖೇಶ್ ಹೇಳಿದ. ಶೆಟ್ಟರು ಕೇಳುತ್ತಾ ಕೇಳುತ್ತಾ ಕೆಂಪಾದರು. ಭಟ್ಟರ ಕಣ್ಣಿಗೆ ಮಣ್ಣೆರಚುತ್ತಿದ್ದೇನೆಂದು ಅವರು ತಿಳಿದಿದ್ದರು. ನಿಜದಲ್ಲಿ ಎಲ್ಲರೂ ಸೇರಿ ಅವರ ಕಣ್ಣಿಗೆ ಎರಚುತ್ತಿದ್ದರು.

"ಹಾಗಾದ್ರೆ ನಾನು ತಲೆ ಆಡಿಸುವಾಗ ನೀವೆಲ್ಲ ತಮಾಷೆ ನೋಡ್ತಾ ಇದ್ರಿ?" ಅವರ ದನಿ ಏರಿತು. "ಭಟ್ಟರಿಗೂ ಗೊತ್ತುಂಟು. ನಿನ್ನ ಹೆಂಡತಿಗೂ ಗೊತ್ತುಂಟು. ನನ್ನನ್ನು ಸಾಮಾನಿನ ಹಾಗೆ ದುಬೈಗೆ ಕಳಿಸಿ, ಅವನನ್ನು ತಂದು ಕೂರಿಸ್ಲಿಕ್ಕೆ!"

"ತಮಾಷೆ ಯಾರೂ ನೋಡ್ಲಿಲ್ಲ ಮಾವ," ಎಂದ ತೃಪ್ತಿಗೆ ಅಳು ಬಂತು. "ಇವರಿಗೆ ಈ ಬೇಜಾರಿನಲ್ಲಿ ಮನೆಗೆ ಬಂದ್ರೂ ಊಟ ಸೇರ್ತಾ ಇರಲಿಲ್ಲ, ನೀವು ನೋಡಿದ್ದೀರಲ್ಲ."

ಶೆಟ್ಟರು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಟಿ.ವಿ.ಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಕಾಣಿಸಿಕೊಂಡ ಹೊಸ ವೈರಸ್ಸಿನ ಸುದ್ದಿ ಬರುತ್ತಿತ್ತು. ವಿಮಾನ ನಿಲ್ಲಿಸಬಹುದು, ಹೊರಗಿನಿಂದ ಬಂದವರನ್ನು ಮತ್ತೆ ಪ್ರತ್ಯೇಕ ಇಡಬಹುದು ಎನ್ನುತ್ತಿದ್ದರು. ದುಬೈಯಿಂದ ತೃಪ್ತಿಯ ಅಕ್ಕ ಫೋನು ಮಾಡಿ, ಬರುವುದಾದರೆ ಬೇಗ ಬರಲಿ ಎಂದಳು. ಸಾಮಾನ್ಯ ದಿನವಾಗಿದ್ದರೆ ಲೀಲಾಕ್ಷಿಗೆ ಇಷ್ಟೇ ಸುದ್ದಿ ಸಾಕಿತ್ತು, ಗೆದ್ದೆನೆಂದು ಸೂಟ್‌ಕೇಸನ್ನು ಅಟ್ಟಕ್ಕೆ ಹಾಕಿಬಿಡುತ್ತಿದ್ದಳು. ಅಂದು ಅವಳು ಬಾಗಿಲು ತಳ್ಳಿ ಒಳಗೆ ಹೋಗಿ, ಗಂಡನ ಪಕ್ಕ ಮಂಚದ ಮೇಲೆ ಕೂತು ಹೇಳಿದಳು:

"ಹೋಗಬೇಕು ಅನ್ನಿಸಿದ್ರೆ ಹೋಗುವ. ನಾನು ಇನ್ನು ಬೇಡ ಅನ್ನುವುದಿಲ್ಲ. ಜ್ವರ ಬಂದ್ರೆ ಬರಲಿ."

ಶೆಟ್ಟರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಇತ್ತ ತಿರುಗದೆಯೇ ಹೇಳಿದರು:

"ಅಲ್ಲಿಗೆ ಹೋದ್ರೂ ಮೂಗು ಇದೇ ಅಲ್ವಾ?"

ಮರುದಿನ ಅವರೇ ದೇವದಾಸನಿಗೆ ಫೋನು ಮಾಡಿದರು. ಬಾಲ್ಕನಿಯ ಬಾಗಿಲು ಮುಚ್ಚಿಕೊಂಡು ಮಾತಾಡಿದ್ದರಿಂದ ಏನು ಹೇಳಿದರೆಂದು ಯಾರಿಗೂ ತಿಳಿಯಲಿಲ್ಲ. ಹೊರಗೆ ಬಂದವರು ಟಿಕೆಟು ರದ್ದು ಮಾಡಲು ತೃಪ್ತಿಗೆ ಹೇಳಿ, ಹೊಸ ಅಂಗಿಗಳಲ್ಲಿ ಒಂದನ್ನು ಹಾಕಿಕೊಂಡು ಹೋಟೆಲಿಗೆ ಹೊರಟರು. ಲೀಲಾಕ್ಷಿಯೂ ಜೊತೆಗೆ ಹೊರಟಳು. ದೇವದಾಸ್ ಬರುತ್ತಾನೆಂಬುದನ್ನು ಅವಳು ನಂಬಿರಲಿಲ್ಲ; ಬಂದರೂ ಹಳೆಯ ಸೇಡು ತೀರಿಸಲು ನಾಲ್ಕು ಜನರ ಎದುರು ಏನಾದರೂ ಆಡಿಬಿಟ್ಟಾನೆಂಬ ಭಯ ಬೇರೆ.

ದೇವದಾಸ್ ಬಂದ. ಅಡುಗೆಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ನಿಂತ. ಭಟ್ಟರು, ದೋಸೆ ಹುಯ್ಯುವವರು, ಯಂಕವ್ವ, ಎಲ್ಲರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಶೆಟ್ಟರು ಎಲ್ಲರ ಎದುರೇ ಹೇಳಿದರು:

"ದೇವದಾಸ, ಅವತ್ತು ನಿನಗೆ ಆಡಬಾರದ ಮಾತು ಆಡಿದೆ. ಈಗ ನನ್ನ ನಾಲಿಗೆಯೇ ಹೋಗಿದೆ. ನೀನು ನೋಡಿ ಹೇಳಬೇಕು."

ದೇವದಾಸ್ ಸೌಟಿನಿಂದ ಸಾಂಬಾರು ಎತ್ತಿ ಅಂಗೈಗೆ ಹಾಕಿ ನೆಕ್ಕಿದ. ಕಣ್ಣು ಮುಚ್ಚಿ ಒಂದು ಕ್ಷಣ ನಿಂತ.

"ಹೇಗುಂಟು?" ಎಂದು ಶೆಟ್ಟರು ಕೇಳಿದರು. ಆ ಅಡುಗೆಮನೆಯಲ್ಲಿ ಅವರು ಇನ್ನೊಬ್ಬರನ್ನು ಹಾಗೆ ಕೇಳಿದ್ದನ್ನು ಲೀಲಾಕ್ಷಿ ಎಂದೂ ಕಂಡಿರಲಿಲ್ಲ.

"ಹುಣಸೆ ಮುಂದಾಯ್ತು ಶೆಟ್ರೇ. ಕೊತ್ತಂಬರಿ ಹುರಿದದ್ದು ಸಾಲದು."

ಲೀಲಾಕ್ಷಿಗೆ ಅಷ್ಟರಲ್ಲೂ ಅನುಮಾನ. ಮುಂದೆ ಬಂದು ತಾನೂ ಒಂದು ಚಮಚ ಬಾಯಿಗೆ ಹಾಕಿಕೊಂಡಳು. ಅವನು ಹೇಳಿದ್ದು ಸರಿಯಾಗಿತ್ತು. ಗಂಡನ ಕಡೆ ನೋಡಿ ತಲೆಯಾಡಿಸಿದಳು. ಶೆಟ್ಟರು ಭಟ್ಟರಿಗೆ, "ಅವನು ಹೇಳಿದ ಹಾಗೆ ಮಾಡಿ," ಎಂದು ಹೊರಗೆ ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ ಕೂತರು. ಮುಖ ಸೋತಿತ್ತು, ಆದರೆ ಆ ದಿನ ಅವರು ಗಿರಾಕಿಗಳ ಜೊತೆ ಬಹಳ ದಿನಗಳ ನಂತರ ಬಾಯಿ ತುಂಬ ಮಾತಾಡಿದರು.

ಡಿಸೆಂಬರಿನ ಕೊನೆಗೆ ಪುಣೆಯಲ್ಲಿ ಮತ್ತೆ ಕೇಸುಗಳು ಏರತೊಡಗಿದವು. ದುಬೈಯ ಅಕ್ಕನ ಮನೆಯಲ್ಲೂ ಎಲ್ಲರಿಗೂ ಜ್ವರ ಬಂದು ಹೋಯಿತು. ದೇವದಾಸ್ ತಳೇಗಾಂವದ ಕ್ಯಾಂಟೀನನ್ನು ಅಳಿಯನಿಗೆ ಬಿಟ್ಟು 'ಪಲ್ಲವ'ಕ್ಕೆ ಬಂದ. ಅವನಿಗೂ ಶೆಟ್ಟರಿಗೂ ವಾರಕ್ಕೊಮ್ಮೆಯಾದರೂ ಜಗಳವಾಗುತ್ತಿತ್ತು. ಇಂದೂಳ ಮನೆಯವರು ಪಾರ್ಸೆಲ್ ತರಲು ಶುರುಮಾಡಿದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಶೆಟ್ಟರು ಅಡುಗೆಮನೆಯ ಬಾಗಿಲಿಗೆ ಬಂದು, "ಎಂತದೋ ವಾಸನೆ ಬಂದ ಹಾಗಾಯ್ತು," ಎಂದರು.

ಲೀಲಾಕ್ಷಿಗೆ ನಂಬಿಕೆ ಬರಲಿಲ್ಲ. ತನ್ನ ಸಮಾಧಾನಕ್ಕೆ ಹೇಳುತ್ತಿರಬಹುದು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಸೆರಗಿನಿಂದ ಕಣ್ಣು ಮುಚ್ಚಿ, ಕಾಫಿಪುಡಿಯ ಡಬ್ಬಿ ತಂದು ಮೂಗಿಗೆ ಹಿಡಿದಳು. ಅವರು ತಲೆ ಅಲ್ಲಾಡಿಸಿದರು, ಏನೂ ಇಲ್ಲ. ಏಲಕ್ಕಿಗೂ ಹಾಗೆಯೇ. ಮೂರನೆಯ ಡಬ್ಬಿಯ ಮುಚ್ಚಳ ತೆಗೆದಾಗ ಅವರ ಹುಬ್ಬು ಗಂಟಾಯಿತು. ಮೂಗನ್ನು ಇನ್ನೂ ಹತ್ತಿರ ತಂದು ಎರಡು ಸಲ ಎಳೆದರು.

"ಇಂಗು," ಎಂದರು.

ಅವಳು ಇಂಗಿನ ಡಬ್ಬಿಯ ಮುಚ್ಚಳ ಹಾಕಿದಳು. "ಕಣ್ಣು ತೆರೀಬೇಡಿ," ಎಂದು ಇನ್ನೊಂದು ಡಬ್ಬಿ ತರಲು ಒಳಗೆ ಓಡಿದಳು.